ನಿಕ್ಕಲ್ ಪುಡಿಯ ರಿಸೀವರ್: ಮಾರ್ಕೋನಿ ಕಾಲದ ಕೊಹೀರರ್ ಕಟ್ಟಿದ ನನ್ನ ಅನುಭವ

ರೇಡಿಯೋ ವಾಲ್ವ್ (ನಿರ್ವಾತ ಕೊಳವೆ) ಇಲ್ಲದ ಕಾಲದಲ್ಲಿ ಕಡಲಂಚಿನ ಕೋಣೆಯಲ್ಲಿ ಕೂತ ಆಪರೇಟರ್ ಹಡಗಿನ ಸಂದೇಶ ಹಿಡಿಯುತ್ತಿದ್ದುದು ಹೇಗೆ? 1898ರಲ್ಲಿ ಐರ್ಲೆಂಡಿನ ರಾಥ್ಲಿನ್ ದ್ವೀಪದಿಂದ ಬ್ಯಾಲಿಕ್ಯಾಸಲ್‌ಗೆ ಹಡಗುಗಳ ಸುದ್ದಿ ನಿಸ್ತಂತುವಾಗಿ ಹೋಗಿತ್ತು. 1901ರ ಜನವರಿಯಲ್ಲಿ ಕಾರ್ನ್‌ವಾಲ್‌ನ ಲಿಝರ್ಡ್ ನಿಲ್ದಾಣ 186 ಮೈಲಿ ದೂರದ ವೈಟ್ ದ್ವೀಪದ ಸಂಕೇತವನ್ನು ಹಿಡಿಯಿತು. ಇದನ್ನೆಲ್ಲ ಓದಿ ತೃಪ್ತಿಯಾಗಲಿಲ್ಲ. ಅಂದು ರೇಡಿಯೋ ಅಲೆಯನ್ನು ಪತ್ತೆಹಚ್ಚುತ್ತಿದ್ದ ಉಪಕರಣ ಕೊಹೀರರ್, ಅಂದರೆ ಲೋಹದ ಪುಡಿ ತುಂಬಿದ ಗಾಜಿನ ಕೊಳವೆ. ಅದು ಕೈಯಲ್ಲಿ ಹೇಗೆ ವರ್ತಿಸುತ್ತದೆಂದು ನೋಡಲೇಬೇಕಿತ್ತು.

ಮಾರ್ಕೋನಿಯ ಪಾಕ ಸರಳ: ನಿಕ್ಕಲ್ ಪುಡಿ, ಜೊತೆಗೆ ಚೂರು ಬೆಳ್ಳಿ. ಲೇಪನದ ಅಂಗಡಿಯಿಂದ ನಿಕ್ಕಲ್ ತುಂಡು ತಂದು ಒರಟು ಅರದಿಂದ ಉಜ್ಜಿದೆ. ಬೆಳ್ಳಿಪುಡಿಯನ್ನು ಪರಿಚಯದ ಅಕ್ಕಸಾಲಿಗರು ಕೊಟ್ಟರು. ಸಣ್ಣ ಗಾಜಿನ ಕೊಳವೆಗೆ ಎರಡೂ ಕಡೆಯಿಂದ ಹಿತ್ತಾಳೆ ಕಡ್ಡಿ ತೂರಿಸಿ, ನಡುವೆ ಒಂದು ಮಿಲಿಮೀಟರಿನಷ್ಟು ಸಂದು ಬಿಟ್ಟು, ಅಲ್ಲಿ ಪುಡಿಯನ್ನು ಸಡಿಲವಾಗಿ ತುಂಬಿದೆ. ಒತ್ತಿ ತುಂಬಿದರೆ ಅದು ಬರೀ ತಂತಿಯಂತೆ ಸದಾ ವಿದ್ಯುತ್ ಹರಿಸುತ್ತದೆ. ಕೊಳವೆಯನ್ನು ಒಂದು ಸೆಲ್ ಮತ್ತು ಸೂಕ್ಷ್ಮ ರಿಲೇಗೆ (ಸಣ್ಣ ವಿದ್ಯುತ್ತಿಗೇ ಎಳೆಯುವ ಸ್ವಿಚ್) ಜೋಡಿಸಿ, ಅಲೆ ಅತ್ತ ಸೋರದಂತೆ ಇಕ್ಕೆಲಕ್ಕೂ ಚೋಕ್ ಸುರುಳಿ ಹಾಕಿದೆ. ಒಂದು ತುದಿಗೆ ಆಂಟೆನಾ, ಇನ್ನೊಂದಕ್ಕೆ ಅರ್ಥ್.

ಕೋಣೆಯ ಆ ತುದಿಯಲ್ಲಿ ಗ್ಯಾಸ್ ಲೈಟರ್ ಕ್ಲಿಕ್ ಎಂದಿತು, ಇಲ್ಲಿ ರಿಲೇ ಟಕ್ ಎಂದಿತು! ಕಿಡಿಯಿಂದ ಹೊರಟ ಅಲೆ ತಗುಲಿದೊಡನೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತವೆ. ಆದರೆ ತಾವಾಗಿ ಬಿಡಿಸಿಕೊಳ್ಳುವುದಿಲ್ಲ. ಅದಕ್ಕೇ ಎಲೆಕ್ಟ್ರಿಕ್ ಬೆಲ್ಲಿನ ಸುತ್ತಿಗೆ ಬೇಕು. ರಿಲೇ ಎಳೆದಾಗಲೆಲ್ಲ ಅದು ಗಾಜಿಗೆ ಮೆಲ್ಲಗೆ ಬಡಿದು ಪುಡಿಯನ್ನು ಉದುರಿಸುತ್ತದೆ.

ಸ್ವಾರಸ್ಯವಿರುವುದೇ ಇಲ್ಲಿ. ಸುತ್ತಿಗೆ ಬಡಿಯತೊಡಗಿದರೆ ನಿಲ್ಲುತ್ತಲೇ ಇರಲಿಲ್ಲ, ಏಕೆಂದರೆ ಬೆಲ್ಲಿನ ಸಂಪರ್ಕದಲ್ಲಿ ಹಾರುವ ಕಿಡಿಯೇ ಪುಡಿಯನ್ನು ಮತ್ತೆ ಅಂಟಿಸುತ್ತಿತ್ತು. ಮಾರ್ಕೋನಿ ತನ್ನ ಮೊದಲ ಪೇಟೆಂಟಿನಲ್ಲೇ ರಿಲೇ, ಬೆಲ್ ಎರಡಕ್ಕೂ ಸಮಾನಾಂತರವಾಗಿ ರೋಧಕ ಹಾಕಿ ಇದನ್ನು ನಿವಾರಿಸಿದ್ದ. ನಾನೂ ಹಾಗೆ ಮಾಡಿದ ಮೇಲೆ ಒಂದು ಕಿಡಿಗೆ ಒಂದೇ ಪೆಟ್ಟು ಬೀಳತೊಡಗಿತು. ಆ ಪೇಟೆಂಟನ್ನು ಅಲ್ಲಿಯವರೆಗೆ ಕಾನೂನಿನ ಕಾಗದವೆಂದೇ ಓದುತ್ತಿದ್ದೆ. ಅದು ರಿಪೇರಿ ಬಲ್ಲವನ ಬರಹ.

ಫ್ಯಾನಿನ ಸ್ವಿಚ್ ಆರಿಸಿದರೂ ರಿಲೇ ಟಕ್ ಎನ್ನುತ್ತದೆ. ದೂರದ ಸಿಡಿಲೂ ಆಪರೇಟರನ ಮೋರ್ಸ್ ಸಂಕೇತದ ಕಾಗದದ ಪಟ್ಟಿಯ ಮೇಲೆ ಸುಳ್ಳು ಚುಕ್ಕೆ ಮೂಡಿಸುತ್ತಿತ್ತು. ಪ್ರತಿ ಚುಕ್ಕೆಗೂ ಅಂಟಿ, ಬಿಡಿಸಿಕೊಳ್ಳಬೇಕಾದ್ದರಿಂದ ವೇಗವೂ ನಿಮಿಷಕ್ಕೆ 12–15 ಪದ ದಾಟುತ್ತಿರಲಿಲ್ಲ. 1901ರ ಡಿಸೆಂಬರ್‌ನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ ಅಟ್ಲಾಂಟಿಕ್ ಆಚೆಯ ಸಂಕೇತ ಹಿಡಿಯಲು ಮಾರ್ಕೋನಿ ಸುತ್ತಿಗೆ ಬಿಟ್ಟು, ತಾನೇ ಸರಿಹೋಗುವ ಪಾದರಸದ ಕೊಹೀರರ್ ಮತ್ತು ಟೆಲಿಫೋನ್ ಇಯರ್‌ಪೀಸ್ ಹಿಡಿದದ್ದೇಕೆಂದು ನನಗೆ ಈಗ ಸಲೀಸಾಗಿ ಅರ್ಥವಾಗುತ್ತದೆ. ಕಬ್ಬಿಣ–ಪಾದರಸದ ಅಂಥ ಸಾಧನವನ್ನು ನಮ್ಮ ಜಗದೀಶ್ ಚಂದ್ರ ಬೋಸ್ 1899ರಲ್ಲೇ ವಿವರಿಸಿದ್ದರು. ಪಾದರಸದ ಆವಿ ವಿಷ, ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಕಟ್ಟುವವರು ಪುಡಿಯನ್ನು ಒಣಗಿಸಿಯೇ ತುಂಬಿ. ನಮ್ಮ ಮಳೆಗಾಲದ ತೇವಕ್ಕೆ ಅದು ಮಂಕಾಗುತ್ತದೆ. ಲೈಟರ್ ಬಿಟ್ಟು ದೊಡ್ಡ ಸ್ಪಾರ್ಕ್ ಕಾಯಿಲ್‌ಗೆ ಆಂಟೆನಾ ಕಟ್ಟಲು ಹೋಗಬೇಡಿ, ಸ್ಪಾರ್ಕ್ ಪ್ರಸಾರಕ್ಕೆ ಇಂದು ಕಾನೂನಿನ ಅನುಮತಿಯಿಲ್ಲ.