ಗಲ್ಲೆಗೆ ಕೈ ಹಾಕಿದವನಿಗೆ ಸ್ಟೋರಿನ ಕೀಲಿ ಕೊಟ್ಟೆ

ಮುಂಬಯಿಯ ಭಾಂಡುಪ್‌ನಲ್ಲಿ ನನ್ನದು 44 ಸೀಟಿನ ಉಡುಪಿ ಹೋಟೆಲ್. 2009ರಿಂದ ಕಂಡಕ್ಟ್ ಮೇಲೆ, ಅಂದರೆ ಮಾಲೀಕರಿಗೆ ತಿಂಗಳ ದುಡ್ಡು ಕಟ್ಟಿ, ನಡೆಸುತ್ತಿದ್ದೇನೆ. ಕದ್ದು ಸಿಕ್ಕಿಬಿದ್ದ ಗಲ್ಲೆಯವನನ್ನು, ಅಂದರೆ ಕ್ಯಾಶ್ ಪೆಟ್ಟಿಗೆ ನೋಡಿಕೊಳ್ಳುವವನನ್ನು, ಓಡಿಸಲಿಲ್ಲ, ಪೊಲೀಸಿಗೂ ಕೊಡಲಿಲ್ಲ, ಅಂಗಡಿಯಲ್ಲೇ ಇಟ್ಟುಕೊಂಡೆ ಅಂದಾಗ ಮಾಟುಂಗಾದಿಂದ ಮುಲುಂಡ್‌ವರೆಗೆ ನಕ್ಕವರೇ ಜಾಸ್ತಿ. 2025ರ ಮೇ ತಿಂಗಳಲ್ಲಿ ಅವನ ಲೆಕ್ಕ ಚುಕ್ತಾ ಆಯಿತು. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ "ಅದು ಹ್ಯಾಂಗ್ ಮಾಡಿದ್ರಿ ಮಾರಾಯ್ರೆ" ಅಂತ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ.

ದುಡ್ಡು ಹೋಗುತ್ತಿದ್ದದ್ದು ಪಾರ್ಸೆಲ್‌ನಲ್ಲಿ. ಬಿಲ್ ಮಾಡದೆ ಪಾರ್ಸೆಲ್ ಕೊಟ್ಟು ದುಡ್ಡು ಜೇಬಿಗೆ ಹಾಕುವುದು. 2019ರ ಆಗಸ್ಟ್‌ನಲ್ಲಿ ಸಾಂಬಾರ್ ಡಬ್ಬಿ ಸುಮಾರು 1,100 ಖಾಲಿಯಾಗಿತ್ತು, ಬಿಲ್ ಇದ್ದದ್ದು 800 ಚಿಲ್ಲರೆ. ಕೇಳಿದರೆ "ಮಳೆಗಾಲ ಅಲ್ವಾ ಅಣ್ಣ, ಇಲಿ" ಅಂದ. ಮುನ್ನೂರು ಡಬ್ಬಿ ತಿಂದ ಇಲಿ ಎಷ್ಟು ದಪ್ಪ ಇರಬೇಕು ನೋಡಿ.

ಇದಕ್ಕೆ ಮುಂಚೆ ನಾನು ಎರಡು ಸಲ ಸೋತಿದ್ದೆ. 2012ರಲ್ಲಿ ಒಬ್ಬ ವೇಟರ್ 12,000 ಹೊಡೆದ. ಅತ್ತ. ನಾನು ಕರಗಿ "ಹೋಗಲಿ ಬಿಡು" ಅಂದೆ. ಎರಡು ವಾರ ಕಳೆದು ಇನ್ನೂ 5,000 ಅಡ್ವಾನ್ಸ್ ತಗೊಂಡು ಮಾಯವಾದ. 2015ರಲ್ಲಿ ಅಡುಗೆಯ ಭಟ್ಟರ ಕೈಕೆಳಗಿನವನು ತುಪ್ಪದ ಡಬ್ಬ ಸಾಗಿಸಿದ. ಈ ಸಲ ಬುದ್ಧಿ ಬಂದಿತ್ತು ಅಂದುಕೊಂಡು ಎಲ್ಲರೆದುರು ನಿಲ್ಲಿಸಿ ಒಪ್ಪಿಸಿದೆ, ದೇವರ ಫೋಟೋ ಮುಟ್ಟಿಸಿದೆ, ಆಮೇಲೆ ದೊಡ್ಡ ಮನುಷ್ಯನ ಹಾಗೆ ಮಾಫ್ ಮಾಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ದೋಸೆ ಹಿಟ್ಟು ಗ್ರೈಂಡರಿನಲ್ಲಿ ಅರ್ಧ ರುಬ್ಬಿದ ಹಾಗೇ ಇದೆ, ಅವನು ಊರಿನ ಗಾಡಿ ಹತ್ತಿದ್ದಾನೆ. ತುಪ್ಪಕ್ಕಿಂತ ಆ ದಿನದ ದೋಸೆಯ ಲುಕ್ಸಾನೇ ಜಾಸ್ತಿ.

ಹಾಗಾಗಿ ಮೂರನೇ ಸಲ ಬೈಯಲೂ ಇಲ್ಲ, ಮಾಫ್ ಅಂತಲೂ ಹೇಳಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಅವನನ್ನು ಸ್ಟೋರಿನೊಳಗೆ ಅಕ್ಕಿ ಮೂಟೆ ಮೇಲೆ ಕೂರಿಸಿ ಒಂದು ನೂರು ಪೇಜಿನ ನೋಟ್‌ಬುಕ್ ಕೊಟ್ಟೆ. "ಎಷ್ಟು ತೆಗೆದಿದ್ದಿ ಬರಿ." ತುಂಬಾ ಹೊತ್ತು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡಿದ. ಬರೆದದ್ದು 90,000. ನಾನು ಪುಸ್ತಕ ಮುಚ್ಚಿ "ನಾಳೆ ಮತ್ತೆ ಬರಿ" ಅಂದೆ. ಎರಡನೇ ರಾತ್ರಿ 1,70,000. ಮೂರನೇ ರಾತ್ರಿ ನಾನು ಕೇಳದಿದ್ದರೂ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಒಟ್ಟು 2,40,000. ಅರ್ಧ ಮೊಬೈಲಿನ ರಮ್ಮಿಗೆ, ಅರ್ಧ ಬಡ್ಡಿಗೆ. ನನ್ನ ಅಂದಾಜು 2,60,000 ಇತ್ತು. ಇಪ್ಪತ್ತು ಸಾವಿರ ಬಿಟ್ಟೆ. ಚೌಕಾಸಿ ಮಾಡುವ ಜಾಗ ಅದಲ್ಲ.

ನೌಕರನ ಕಳ್ಳತನಕ್ಕೆ ಆಗ ಐಪಿಸಿ 381 ಇತ್ತು, ಏಳು ವರ್ಷದವರೆಗೂ ಜೈಲಾಗಬಹುದಿತ್ತು. ಆದರೆ ಜೈಲಿನಲ್ಲಿ ಕೂತವನಿಂದ ನನ್ನ ದುಡ್ಡು ಬರುತ್ತದಾ? ದಯೆ ಅನ್ನಿ, ವ್ಯಾಪಾರ ಅನ್ನಿ, ನನ್ನಲ್ಲಿ ಎರಡೂ ಇತ್ತು. ಪಗಾರ 18,000, ತಿಂಗಳಿಗೆ 4,000 ಕಟ್. ಗಲ್ಲೆ ಮುಟ್ಟುವ ಹಾಗಿಲ್ಲ, ಅಡ್ವಾನ್ಸ್ ಇಲ್ಲ. ಬದಲಿಗೆ ಸ್ಟೋರಿನ ಕೀಲಿ ಕೈಗೆ ಕೊಟ್ಟೆ.

ಅಂಗಡಿಯಲ್ಲಿ ಪಾಲುದಾರ ನನ್ನ ಅಣ್ಣ. ಅವನು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಆಡಿದ್ದು ಇಷ್ಟೇ: "ಕಳ್ಳನ ಕೈಗೆ ಕೀಲಿ ಕೊಟ್ಟೆಯಲ್ಲ, ಗುಗ್ಗು." ನನ್ನ ಲೆಕ್ಕ ಬೇರೆ. ನೋಟಿಗೆ ಗುರುತಿಲ್ಲ, ಉದ್ದಿಗೆ ತೂಕ ಇದೆ. ಉದ್ದು ಎಷ್ಟು ಹೋಯಿತು, ಇಡ್ಲಿ ಎಷ್ಟು ಬಂತು ಅಂತ ನೀವೂ ನೋಡುತ್ತೀರಿ. ಅದಲ್ಲದೆ ಇನ್ನೊಂದು ರೀತಿಯಲ್ಲೂ ನಾನು ಸ್ಟೋರ್ ಚೆಕ್ ಮಾಡುತ್ತಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಅವನೂ ಓದುತ್ತಾನೆ.

ಅದೇ ಹುಮ್ಮಸ್ಸಿನಲ್ಲಿ ಇನ್ನೆರಡು ಪ್ರಯೋಗ ಮಾಡಿದೆ. ಕದ್ದದ್ದನ್ನು ಸುಮ್ನೆ ವಾಪಸ್ ಹಾಕಿ ಅಂತ ಒಂದು ಡಬ್ಬಿ ಇಟ್ಟೆ. ತಿಂಗಳ ಕೊನೆಗೆ ಸಿಕ್ಕಿದ್ದು 340 ರೂಪಾಯಿ ಮತ್ತು ಒಂದು ಚಮಚ. ಡಬ್ಬಿ ತೆಗೆದೆ. ಎರಡನೆಯದು ಕಪ್ ಬಶಿ ಒಡೆದರೆ ಪಗಾರದಲ್ಲಿ ಹಿಡಿಯುವುದನ್ನು ನಿಲ್ಲಿಸಿದ್ದು. ನಮ್ಮ ಮೋರಿ ಎರಡು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಪ್ಲಂಬರ್ ಪ್ರತಿ ಸಲ 1,500 ಕೇಳುತ್ತಿದ್ದ. ಹಿಡಿಯುವುದು ನಿಂತ ಮೇಲೆ ಒಡೆದ ಬಶಿ ಕಸದ ಬುಟ್ಟಿಗೆ ಬೀಳತೊಡಗಿತು, ಮೋರಿ ಕಟ್ಟುವುದು ನಿಂತಿತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಫೋರ್ಟ್‌ನಲ್ಲಿ ಹಗಲು ಕಪ್ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಾನೂ ಎಷ್ಟು ಬಶಿ ಮೋರಿಗೆ ತುರುಕಿದ್ದೇನೋ.

ಲಾಕ್‌ಡೌನ್ ಬಂತು. 2020ರ ಅಕ್ಟೋಬರ್ 5ಕ್ಕೆ ಅರ್ಧ ಸೀಟಿಗೆ ಪರ್ಮಿಶನ್ ಸಿಕ್ಕಿದರೂ ನಾವು ಶಟರ್ ಎತ್ತಿದ್ದು ಡಿಸೆಂಬರಿನಲ್ಲಿ. 16 ಜನರಲ್ಲಿ ಊರಿಂದ ವಾಪಸ್ ಬಂದದ್ದು ಆರು ಜನ. ಅವರಲ್ಲಿ ಇವನೂ ಒಬ್ಬ. ಮುಚ್ಚಿದ ಎಂಟು ತಿಂಗಳು ಕಂತು ಹಿಡಿಯಲಿಲ್ಲ, ಪಗಾರವೇ ಇಲ್ಲದಾಗ ಹಿಡಿಯುವುದು ಎಲ್ಲಿಂದ? ನನ್ನ ಸಾಲ ಆಗ 14 ಲಕ್ಷದ ಹತ್ತಿರ ಹೋಗಿತ್ತು.

2021ರ ಏಪ್ರಿಲ್ 5ಕ್ಕೆ ಮತ್ತೆ ಕೂತು ತಿನ್ನುವುದು ಬಂದ್, ಪಾರ್ಸೆಲ್ ಮಾತ್ರ. ಅದೇ ತಿಂಗಳ ಕೊನೆಗೆ ಅಣ್ಣ ಹೋದ. ಬೆಡ್ ಸಿಕ್ಕಿದ್ದು ಮೂರನೇ ದಿನಕ್ಕೆ, ಆರನೇ ದಿನ ಫೋನ್ ಬಂತು. ಮುಖ ನೋಡಲು ಬಿಡಲಿಲ್ಲ. ನಾನು ಸುಮಾರು ಇಪ್ಪತ್ತು ದಿನ ಅಂಗಡಿ ಕಡೆ ತಲೆ ಹಾಕಲಿಲ್ಲ. ನಡೆಸಿ ಅಂತ ಯಾರಿಗೂ ಹೇಳಿರಲಿಲ್ಲ, ಮುಚ್ಚಿ ಅಂತಲೂ ಹೇಳಿರಲಿಲ್ಲ.

ದಿನಾ ರಾತ್ರಿ ವಾಟ್ಸಾಪಿಗೆ ಒಂದು ಫೋಟೋ ಬರುತ್ತಿತ್ತು. ಆ ದಿನಗಳಲ್ಲಿ ನಾನು ತೆರೆದು ನೋಡಿರಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ನೋಡಿದೆ. ಗಲ್ಲೆಯ ನೋಟುಗಳನ್ನು ಟೇಬಲ್ ಮೇಲೆ ಸಾಲಾಗಿ ಹರಡಿದ್ದಾರೆ, ಪಕ್ಕದಲ್ಲಿ ಚೀಟಿ. ಒಂದು ದಿನ 6,400. ಒಂದು ದಿನ 5,150. ಒಂದು ದಿನ ಬರೀ 870. ಚೀಟಿ ಬರೆದದ್ದು ಇವನ ಕೈ. ಆದರೆ ನೋಟಿನ ಮೇಲೆ ಇಟ್ಟ ಬೆರಳು ಭಟ್ಟರದ್ದು, ಉಗುರಿನ ಸುತ್ತ ಅರಿಶಿನದ ಕಲೆ ಕಾಣುತ್ತದೆ. ಕೆಳಗೆ ಭಟ್ಟರದೇ ಸಹಿ. ಆ ಇಪ್ಪತ್ತು ದಿನವೂ ಇವನು ಒಂದು ನೋಟನ್ನೂ ಮುಟ್ಟಿರಲಿಲ್ಲ. ಮುಟ್ಟಬಾರದು ಅಂತ ನಾನು ಹಾಕಿದ ರೂಲು ನನಗೇ ಮರೆತುಹೋಗಿತ್ತು.

ಈಗ ವಾರಕ್ಕೆರಡು ಸಲ ವಾಶಿಯ ಎಪಿಎಂಸಿ ಸಗಟು ಮಾರ್ಕೆಟಿಗೆ ಬಟಾಟೆ, ಈರುಳ್ಳಿ ಖರೀದಿಗೆ ಹೋಗುವವನು ಅವನೇ. ಖರೀದಿಯಲ್ಲಿ ಎಷ್ಟು ಸಂದು ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಅವನಿಗಂತೂ ಗೊತ್ತು. ಎಲ್ಲರ ಮೇಲೂ ಈ ಉಪಾಯ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಕಳೆದ ಮಳೆಗಾಲದಲ್ಲಿ ಇನ್ನೊಬ್ಬನಿಗೆ ಇದೇ ನೋಟ್‌ಬುಕ್ ಕೊಟ್ಟೆ. ಎರಡನೇ ರಾತ್ರಿ ಪುಸ್ತಕದ ಸಮೇತ ಪರಾರಿ.

ಆ ಮೇ ತಿಂಗಳ ಪಗಾರದ ದಿನ ಕೊನೆಯ 4,000 ಹಿಡಿದು "ಮುಗೀತು, ಇನ್ನು ಪೂರ್ತಿ ಪಗಾರ" ಅಂದೆ. ನನ್ನ ಮಟ್ಟಿಗೆ ಅದು ದೊಡ್ಡ ಗಳಿಗೆ. ಚಾ ಹೇಳಿದ್ದೆ. ಅವನು ಚಾ ಮುಟ್ಟದೆ ಸ್ಟೋರಿಗೆ ಹೋಗಿ ಆ ನೋಟ್‌ಬುಕ್ ತಂದ. ರಟ್ಟಿಗೆ ಎಣ್ಣೆ ಹಿಡಿದು ಕಪ್ಪಾಗಿತ್ತು. ಒಂದು ಪುಟ ಬಿಚ್ಚಿ ನನ್ನ ಕಡೆ ತಿರುಗಿಸಿದ.

"ಅಣ್ಣ, 2021ರ ಜೂನ್ ಕಂತು ಎರಡ್ ಸಲ ಹಿಡ್ದಿದ್ರಿ."

ನನ್ನ ಅಣ್ಣ ಹೋಗಿ ಎರಡನೇ ತಿಂಗಳು. ಹೌದು, ಎರಡು ಸಲ ಹಿಡಿದಿದ್ದೆ. ನಾಲ್ಕು ವರ್ಷ ಅದರ ಸುದ್ದಿ ಎತ್ತಿರಲಿಲ್ಲ ಅವನು. ಗಲ್ಲೆ ತೆಗೆದು 4,000 ಎಣಿಸಿ ಕೊಟ್ಟೆ. ಅವನು ಇನ್ನೊಂದು ಸಲ ಎಣಿಸಿ, ಪುಸ್ತಕದಲ್ಲಿ ಬರೆದು, ನನ್ನ ಸಹಿ ತಗೊಂಡ. ಚಾ ಆರಿತ್ತು, ಬೇರೆ ತರಿಸಿದೆವು.