ಶಾಲೆಗೆ ಟ್ಯಾಬ್ ಬಂತು, ಮುಂದೇನು?

ಚಿತ್ತಾಪುರ ಕಡೆಯ ಒಂದು ಶಾಲೆಯಲ್ಲಿ ಮೊದಲ ಸಲ ಪ್ರೊಜೆಕ್ಟರ್ ಹಚ್ಚಿದಾಗ ನಾನು ಮಾಡಿದ್ದೇನು ಗೊತ್ತಾ? ಪಠ್ಯಪುಸ್ತಕದ ಪುಟವನ್ನೇ ಗೋಡೆ ಮೇಲೆ ಬಿಟ್ಟು ಓದಿದೆ. ಮಕ್ಕಳು ಆಕಳಿಸಿದರು. ಯಂತ್ರ ನಡೆಸೋದು ಬೇರೆ, ಅದರಿಂದ ಕಲಿಸೋದು ಬೇರೆ ಅಲ್ವಾ?

ಶಿಕ್ಷಕರೇ, ಡಿಜಿಟಲ್ ಕೌಶಲದಲ್ಲಿ ಮೊದಲು ನೀವು ಎಲ್ಲಿದ್ದೀರಿ ನೋಡಿಕೊಳ್ಳಿ. ಯುರೋಪಿಯನ್ ಕಮಿಷನ್ 2017ರಲ್ಲಿ ಅದನ್ನು ಅಳೆದುಕೊಳ್ಳೋಕೆ ಶಿಕ್ಷಕರಿಗಾಗಿ ಡಿಜ್‌ಕಾಂಪ್‌ಎಜು ಅನ್ನೋ ಚೌಕಟ್ಟು ತಂದಿತು. 6 ವಿಭಾಗ, 22 ಕೌಶಲ, ಹೊಸಬರ ಎ1ರಿಂದ ಪೂರ್ತಿ ಪಳಗಿದವರ ಸಿ2ವರೆಗೆ 6 ಮಟ್ಟ. ಎಲ್ಲಾ ಒಮ್ಮೆಗೇ ಬೇಡ, ತಲೆ ಕೆಡುತ್ತದೆ. ಒಂದನ್ನೇ ಹಿಡಿಯಿರಿ: ಸಾಮಗ್ರಿ ಹುಡುಕಿ, ಸೋಸಿ, ನಮ್ಮ ಮಕ್ಕಳಿಗೆ ಹೊಂದಿಸೋದು.

ಸರ್ಕಾರದ ಕಲಿಕಾ ವೇದಿಕೆ ದೀಕ್ಷಾ ಆ್ಯಪ್‌ನಲ್ಲಿ ಪಾಠದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ವಿಡಿಯೋ ಇದ್ದರೆ ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಯಾಕಂದ್ರೆ ಬೇಸಿಗೆಯಲ್ಲಿ ಕರೆಂಟೂ ನೆಟ್‌ವರ್ಕೂ ಸೇರಿಯೇ ಕೈಕೊಡುತ್ತವೆ. ಪೂರ್ತಿ ನೋಡಿ. ಎಲ್ಲಿ ನಿಲ್ಲಿಸಿ ಏನು ಕೇಳಬೇಕು ಅಂತ ಬರೆದಿಟ್ಟುಕೊಳ್ಳಿ.

ಆಮೇಲೆ ಮಕ್ಕಳ ಕೈಗೆ ಕೊಡಿ. ನಾನು ಏಳನೇ ತರಗತಿಯವರಿಗೆ ಎಪಿಎಂಸಿಯ ತೊಗರಿ ದರವನ್ನು ಒಂದು ವಾರ ಬರೆದು ತರಲು ಹೇಳಿ, ಲೆಕ್ಕದ ಪಟ್ಟಿ, ಗ್ರಾಫ್ ಮಾಡೋ ಗೂಗಲ್ ಶೀಟ್ಸ್‌ನಲ್ಲಿ ತುಂಬಿಸಿದೆ. ಒಬ್ಬಳು ಒಂದು ಸೊನ್ನೆ ಜಾಸ್ತಿ ಒತ್ತಿದಳು, ಗ್ರಾಫ್ ಮುಗಿಲಿಗೆ ಹಾರಿತು. "ಸರ್, ಈ ರೇಟ್ ಬಂದ್ರೆ ನಮ್ಮಪ್ಪ ಟ್ರ್ಯಾಕ್ಟರ್ ತಗೋತಾನ್ರಿ!" ತಪ್ಪು ಎಲ್ಲಿದೆ ಅಂತ ನಾನು ಹೇಳಲಿಲ್ಲ, ಸುಮ್ನೆ ನಿಂತೆ. ಅವರೇ ಚೀಟಿ ತೆಗೆದು ಒಂದೊಂದೇ ಸಾಲು ಹೋಲಿಸಿ ಹುಡುಕಿದರು.

ಹಾಂ, ಮಕ್ಕಳ ಆಧಾರ್ ನಂಬರನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಪಾಸ್‌ವರ್ಡ್ ಚೀಟಿಯನ್ನು ಟ್ಯಾಬ್ ಹಿಂದೆ ಅಂಟಿಸೋದೂ ಬೇಡ.