ಕಾರಿನ ಜಾಕ್‌ನಲ್ಲಿ ಕಾರ್ಪೆಟ್ ಎಳೆದ ಕತೆ

ಬೆಂಗಳೂರಲ್ಲಿ ಕಾರ್ಪೆಟ್ ಅಂದ್ರೆ ಗಮ್ ಬಳಿದು ಅಂಟಿಸೋದೇ. ನಾನೂ ಹನ್ನೆರಡು ವರ್ಷ ಅದನ್ನೇ ಮಾಡಿದೆ. ಹೋದ ವರ್ಷ ರಾಜರಾಜೇಶ್ವರಿ ನಗರದ ಒಂದು ಮನೆಯವರು, ಹೋಮ್ ಥಿಯೇಟರ್ ರೂಮಿಗೆ ಗಮ್ ಬೇಡ, ಕೆಳಗೆ ಮೆತ್ತನೆ ಫೆಲ್ಟ್ ಹಾಕಿ ಗ್ರಿಪ್ಪರ್ ಪಟ್ಟಿಗೆ (ಗೋಡೆ ಅಂಚಿಗೆ ಕೂರಿಸೋ, ಮೊಳೆ ಮೊನೆ ಎದ್ದಿರೋ ಪಟ್ಟಿ) ಎಳೆದು ಸಿಕ್ಕಿಸಿ ಅಂದರು. 14ಕ್ಕೆ 22 ಅಡಿ ರೂಮು. ಜೊತೆಯವರು ನಕ್ಕರು: "ಕಿಕ್ಕರ್ ಒಂದರಲ್ಲೇ ಅಷ್ಟುದ್ದ ಆಗಲ್ಲ ಗುರೂ, ಮಳೆ ಬಂದ್ರೆ ನಿರಿಗೆ ಏಳುತ್ತೆ." ಕಿಕ್ಕರ್ ಅಂದ್ರೆ ಮಂಡಿಯಿಂದ ಗುದ್ದಿ ಕಾರ್ಪೆಟ್ ಮುಂದಕ್ಕೆ ತಳ್ಳೋ ಕೈ ಸಾಧನ.

ಅವರು ಹೇಳಿದ್ದೂ ಸುಳ್ಳಲ್ಲ. ಹಿಂದೊಮ್ಮೆ ಒಂದು ಮೀಟಿಂಗ್ ಹಾಲಿಗೆ ಬರೀ ಕಿಕ್ಕರ್‌ನಲ್ಲಿ ಎಳೆದಿದ್ದೆ. ಮೂರೇ ತಿಂಗಳಿಗೆ ಉಬ್ಬಿತು, ಕೈಯಿಂದ ಹದಿನೆಂಟು ಸಾವಿರ ಹಾಕಿ ಮತ್ತೆ ಮಾಡಿಕೊಟ್ಟೆ. ಆಗ ಮಂಡಿ ಚಿಪ್ಪಿಂದಲೇ ಗುದ್ದುತ್ತಿದ್ದೆ, ಎರಡು ವಾರ ಮೆಟ್ಟಿಲು ಹತ್ತೋಕಾಗಲಿಲ್ಲ. ಚಿಪ್ಪಿನ ಮೇಲ್ಗಡೆ, ತೊಡೆ ಶುರುವಾಗೋ ಕಡೆಯಿಂದ ಗುದ್ದಬೇಕು ಅಂತ ಆಮೇಲೆ ಬುದ್ಧಿ ಬಂತು.

ಹಿಂದಿನ ಗೋಡೆಗೆ ಒತ್ತಿಕೊಂಡು ಕಾರ್ಪೆಟ್ ಎಳೆಯೋ, ಹೊರಗಿಂದ ತರಿಸೋ ಪವರ್ ಸ್ಟ್ರೆಚರ್‌ಗೆ ನಲವತ್ತು ಸಾವಿರದ ಹತ್ತಿರ ಹೇಳಿದರು. ಗುಜರಿಯಲ್ಲಿ 700ಕ್ಕೆ ಕಾರಿನ ಕತ್ತರಿ ಜಾಕ್ ಸಿಕ್ತು. ಅದನ್ನು ಅಡ್ಡ ಮಲಗಿಸಿ ಹಿಂದೆ ಗೋಡೆಗೆ ಒರಗೋಕೆ ಚೌಕದ ಪೈಪು, ಮುಂದೆ ಕಾರ್ಪೆಟ್ ಹಿಡಿಯೋಕೆ ಹಲ್ಲಿನ ಪ್ಲೇಟು. ವೆಲ್ಡಿಂಗ್ ಸೇರಿ ಎರಡು ಸಾವಿರ ದಾಟಲಿಲ್ಲ. ಪ್ಲೇಟಿನ ಹಲ್ಲು ಎಷ್ಟು ಓರೆ ಅನ್ನೋದು ಮಾತ್ರ ಹೇಳಲ್ಲ, ಅದಕ್ಕೇ ನಾಲ್ಕು ಸಲ ವೆಲ್ಡಿಂಗ್ ಅಂಗಡಿಗೆ ಅಲೆದಿದ್ದೇನೆ.

ಮೊದಲ ತಿರುವಿಗೇ ಪೈಪಿನ ತುದಿ ಹಿಂದಿನ ಗೋಡೆಯ ಪ್ಲಾಸ್ಟರ್ ಕಿತ್ತಿತು. ಅಲ್ಲಿಗೆ ನಾಲ್ಕಡಿ ಹಲಗೆಗೆ ಕಾರ್ಪೆಟ್ ತುಂಡು ಸುತ್ತಿ ಕೊಟ್ಟೆ, ಭಾರ ಹಂಚಿಹೋಯ್ತು. ಅದಕ್ಕೂ ಮುಂಚೆ ಗ್ರಿಪ್ಪರ್ ಪಟ್ಟಿಗೆ ಮೊಳೆ ಹೊಡೆಯೋಕೆ ಹೋಗಿ ಎರಡು ವಿಟ್ರಿಫೈಡ್ ಟೈಲ್ಸ್ ಸೀಳಿದ್ದು ಬೇರೆ. ಉಳಿದ ಪಟ್ಟಿಗಳನ್ನು ಪಿಯು (ಪಾಲಿಯುರೆಥೇನ್) ಅಂಟಿನಲ್ಲಿ ಕೂರಿಸಿ ಒಂದು ದಿನ ಸುಮ್ನೆ ಬಿಟ್ಟೆ. ಅವಸರ ಮಾಡಿದರೆ ಎಳೆಯುವಾಗ ಪಟ್ಟಿಯೇ ಎದ್ದು ಬರುತ್ತೆ.

ರೋಲ್ ಅಗಲ 12 ಅಡಿ, ಹಾಗಾಗಿ ಒಂದು ಜಾಯಿಂಟ್ ತಪ್ಪಲಿಲ್ಲ. ಜಾಯಿಂಟಿನ ಕೆಳಗೆ ಬಿಸಿಗೆ ಕರಗಿ ಅಂಟೋ ಸೀಮ್ ಟೇಪಿಗೆ ಮನೆಯ ಇಸ್ತ್ರಿ ಪೆಟ್ಟಿಗೆ ಸಾಕಾಗುತ್ತಾ ನೋಡೋಣ ಅಂತ ವೇಸ್ಟ್ ತುಂಡಿನ ಮೇಲೆ ಇಟ್ಟೆ. ಕಾರ್ಪೆಟ್‌ನ ಹಿಂಬದಿ ಬಟ್ಟೆ ಸುಟ್ಟು ರೂಮೆಲ್ಲ ಹೊಗೆ! ಆಮೇಲೆ ಆ ಟೇಪಿಗೇ ಅಂತ ಇರೋ ಸೀಮಿಂಗ್ ಐರನ್ ಬಾಡಿಗೆಗೆ ತಂದೆ. ಕಟ್ ಮಾಡೋಕೆ ಮುಂಚೆ ನೂಲಿನ ಸಾಲುಗಳ ನಡುವೆ ಮೊಂಡು ಸ್ಕ್ರೂಡ್ರೈವರ್ ಎಳೆದು ದಾರಿ ಮಾಡಿಕೊಂಡೆ, ಎರಡೂ ತುಂಡಿನ ನೂಲು ಒಂದೇ ಕಡೆ ಮಲಗುತ್ತಾ ಅಂತ ಅಂಗೈ ಸವರಿ ನೋಡಿಕೊಂಡೆ.

22 ಅಡಿಗೆ ಹತ್ತಿರ ಹತ್ತಿರ ಮೂರಿಂಚು ಎಳೆಯಿತು ಜಾಕ್. ಕಿಕ್ಕರ್ ಮೂಲೆಗಷ್ಟೇ ಬೇಕಾಯ್ತು.

ಈ ಮಳೆಗಾಲ ಹೋಗಿ ನೋಡಿಕೊಂಡು ಬಂದೆ, ಒಂದು ನಿರಿಗೆ ಇಲ್ಲ. ನಕ್ಕವರಲ್ಲಿ ಒಬ್ಬ ಹೋದ ವಾರ ಜಾಕ್ ಬಾಡಿಗೆಗೆ ಕೇಳಿದ. ದಿನಕ್ಕೆ 500 ಅಂದಿದ್ದೇನೆ, ಪ್ಲೇಟ್ ಫೋಟೋ ತೆಗೆಯಂಗಿಲ್ಲ.